ವಿಕಲಚೇತನರ ವೇತನ ಮತ್ತು ಉಚಿತ ಕಾನೂನು ನೆರವು (ಕರ್ನಾಟಕ)

ವಿಕಲಚೇತನರ ವೇತನವು ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಗೆ ಸೇರಿದ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ ಮೂಲಕ ನೀಡಲಾಗುವ ಮಾಸಿಕ ಸಹಾಯಧನ. ಇದರ ಅರ್ಜಿ ತಿರಸ್ಕೃತವಾದಾಗ, ತೀರ್ಮಾನವಾಗದೆ ಉಳಿದಾಗ ಅಥವಾ ಮಂಜೂರಾದ ವೇತನ ನಿಂತಾಗ, ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಅಡಿಯಲ್ಲಿ ಅರ್ಜಿದಾರರಿಗೆ ಶುಲ್ಕವಿಲ್ಲದೆ ವಕೀಲರ ನೆರವು ದೊರೆಯುತ್ತದೆ. ಕಾನೂನು ನೆರವು ಎಂದರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಎಂಬ ಭಾವನೆ ಜನರಲ್ಲಿದೆ. ಆದರೆ ಅಧಿನಿಯಮದ 2ನೇ ಪ್ರಕರಣವು ‘ಕಾನೂನು ಸೇವೆ’ಯ ಅರ್ಥದೊಳಗೆ ನ್ಯಾಯಾಲಯದ ಜೊತೆಗೆ ಇತರ ಪ್ರಾಧಿಕಾರಗಳ ಮುಂದಿನ ವ್ಯವಹರಣೆಯನ್ನೂ ಕಾನೂನು ಸಲಹೆಯನ್ನೂ ಸೇರಿಸಿದೆ. ಆದುದರಿಂದ ಅರ್ಜಿ ತಹಶೀಲ್ದಾರರ ಕಚೇರಿಯಲ್ಲಿರುವಾಗಲೇ ನೆರವು ಕೇಳಬಹುದು.

ಈ ಲೇಖನದಲ್ಲಿ ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ನೆಲೋಗಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಮಾಜಿ ಮುಖ್ಯಮಂತ್ರಿ ಎನ್. ಧರಂ ಸಿಂಗ್ ಅವರ ಹುಟ್ಟೂರಾದ ಈ ಗ್ರಾಮವು ಹೋಬಳಿ ಕೇಂದ್ರವೂ ಹೌದು. ಹೆಸರುಗಳನ್ನು ಬದಲಿಸಿಕೊಂಡರೆ ಇದೇ ಕ್ರಮ ರಾಜ್ಯದ ಇತರ ಹೋಬಳಿಗಳಿಗೂ ಅನ್ವಯಿಸುತ್ತದೆ.

ವೇತನದ ಅರ್ಹತೆ

ರಾಜ್ಯದ ಯೋಜನೆಯಲ್ಲಿ ಕನಿಷ್ಠ ಶೇ. 40ರಷ್ಟು ವೈಕಲ್ಯವಿರಬೇಕು ಮತ್ತು ವಾರ್ಷಿಕ ಆದಾಯ ಸರ್ಕಾರ ಗೊತ್ತುಪಡಿಸಿದ ಮಿತಿಯೊಳಗಿರಬೇಕು. ವೈಕಲ್ಯ ಶೇ. 75ನ್ನು ಮೀರಿದರೆ ವೇತನದ ದರ ಹೆಚ್ಚು. ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆ 2009ರಲ್ಲಿ ಆರಂಭವಾಯಿತು. ಅದು ಶೇ. 80ಕ್ಕೂ ಹೆಚ್ಚಿನ ವೈಕಲ್ಯವಿರುವ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ 18ರಿಂದ 79 ವರ್ಷದವರಿಗೆ ಮೀಸಲು. ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ ಕೇವಲ 300 ರೂಪಾಯಿ.

ಅರ್ಜಿಯನ್ನು ನಾಡಕಚೇರಿಯಲ್ಲಿ ಸಲ್ಲಿಸಬೇಕು. ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರ ಪರಿಶೀಲನೆಯ ನಂತರ ಆದೇಶವಾಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ಸಹಾಯ ಮಾಡುತ್ತಾರೆ.

ಎರಡು ಬೇರೆ ತೀರ್ಮಾನಗಳು

ವೇತನ ಸಿಗದ ಪ್ರತಿಯೊಂದು ಪ್ರಕರಣದಲ್ಲಿಯೂ ಮೊದಲು ತಿಳಿಯಬೇಕಾದದ್ದು, ತಡೆಯಾಗಿರುವುದು ಎಲ್ಲಿ ಎಂಬುದು. ವೈಕಲ್ಯದ ಪ್ರಮಾಣವನ್ನು ನಿರ್ಧರಿಸುವವರು ವೈದ್ಯಕೀಯ ಪ್ರಾಧಿಕಾರದವರು. ವೇತನ ಮಂಜೂರು ಮಾಡುವವರು ಕಂದಾಯ ಅಧಿಕಾರಿಗಳು. ಮೊದಲನೆಯವರ ತಪ್ಪನ್ನು ಎರಡನೆಯವರು ತಿದ್ದಲಾರರು. ಪ್ರಮಾಣಪತ್ರದಲ್ಲಿ ಶೇ. 35 ಎಂದು ಬರೆದಿದ್ದರೆ ತಹಶೀಲ್ದಾರರ ಮುಂದೆ ಎಷ್ಟು ಬಾರಿ ಮನವಿ ಕೊಟ್ಟರೂ ಪ್ರಯೋಜನವಿಲ್ಲ. ವರ್ಷಗಟ್ಟಲೆ ಅಲೆದಾಟಕ್ಕೆ ಬಹುಮಟ್ಟಿಗೆ ಈ ಗೊಂದಲವೇ ಕಾರಣ ಎನ್ನಬಹುದು.

ಪ್ರಮಾಣಪತ್ರದ ವಿಷಯವು ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ಕ್ಕೆ ಒಳಪಟ್ಟಿದೆ. ಇದು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. 1995ರ ಹಿಂದಿನ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಹೊಸದು 21 ಬಗೆಗಳನ್ನು ಗುರುತಿಸಿ ಥಲಸ್ಸೇಮಿಯ, ಕುಡಗೋಲು ಕಣ ರೋಗ, ಆಮ್ಲ ದಾಳಿಯಿಂದಾದ ವೈಕಲ್ಯಗಳನ್ನೂ ಒಳಗೊಂಡಿದೆ. ಹಳೆಯ ಕಾಯಿದೆಯ ಕಾಲದಲ್ಲಿ ‘ನಿಮಗೆ ಬರುವುದಿಲ್ಲ’ ಎಂಬ ಉತ್ತರ ಪಡೆದವರು ಮತ್ತೆ ಅರ್ಜಿ ಹಾಕಲು ಇಷ್ಟೇ ಕಾರಣ ಸಾಕು. 2021ರ ಜೂನ್ 1ರಿಂದ ಪ್ರಮಾಣಪತ್ರವನ್ನು ಯುಡಿಐಡಿ ಜಾಲತಾಣದ ಮೂಲಕವೇ ನೀಡಬೇಕೆಂಬ ನಿಯಮವಿದೆ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು. ಅದನ್ನು ಒಪ್ಪದವರು 59ನೇ ಪ್ರಕರಣದಂತೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರದ ಮುಂದೆ ಹೋಗಬಹುದು.

ಕಂದಾಯ ಕಚೇರಿಯ ತೀರ್ಮಾನದ ದಾರಿ ಬೇರೆ. ವೇತನದ ಅರ್ಜಿ ಸಕಾಲ ಸೇವೆಗಳಲ್ಲಿ ಒಂದಾದ್ದರಿಂದ ಸ್ವೀಕೃತಿ ಪತ್ರದಲ್ಲಿ 15 ಅಂಕೆಗಳ ಸಂಖ್ಯೆ ಇರುತ್ತದೆ. ಅವಧಿ ಮೀರಿದರೆ ಅಥವಾ ಅರ್ಜಿ ತಿರಸ್ಕೃತವಾದರೆ ಆ ಸಂಖ್ಯೆಯನ್ನು ತೋರಿಸಿ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದ ಪರಿಹಾರವೂ ಉಂಟು. ಬಾಯಿಮಾತಿನ ನಿರಾಕರಣೆಯ ಮೇಲೆ ಮೇಲ್ಮನವಿ ನಿಲ್ಲುವುದು ಕಷ್ಟ. ಆದ್ದರಿಂದ ಲಿಖಿತ ಹಿಂಬರಹವನ್ನು ಕೇಳಿ ಪಡೆಯಬೇಕು. ಅದು ಸಿಗದಿದ್ದರೆ ಮಾಹಿತಿ ಹಕ್ಕು ಕಾಯಿದೆಯಡಿ ಕಡತದ ಪ್ರತಿಯನ್ನು ಕೋರಬಹುದು. ಅದರ ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

ಉಚಿತ ವಕೀಲರನ್ನು ಪಡೆಯುವುದು

ಸಂವಿಧಾನದ 39ಎ ವಿಧಿಯ ಆಶಯದಂತೆ ರೂಪುಗೊಂಡ 1987ರ ಅಧಿನಿಯಮ 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 12ನೇ ಪ್ರಕರಣವು ನೆರವಿಗೆ ಅರ್ಹರಾದವರನ್ನು ಹೆಸರಿಸುತ್ತದೆ. ವಿಕಲಚೇತನರು ಅದರಲ್ಲಿದ್ದಾರೆ, ಅವರಿಗೆ ಆದಾಯ ಮಿತಿಯಿಲ್ಲ. ವೇತನಕ್ಕೆ ಆದಾಯ ಮಿತಿ ಇರುವುದರಿಂದ ವಕೀಲರ ನೆರವಿಗೂ ಇದೆ ಎಂದು ಭಾವಿಸಿ ಹಿಂದೆ ಸರಿಯಬೇಕಾಗಿಲ್ಲ.

ಇಲ್ಲೊಂದು ತೊಡಕಿದೆ. ವೈಕಲ್ಯ ಪ್ರಮಾಣಪತ್ರವೇ ದೊರೆಯದವರು ತಾವು ವಿಕಲಚೇತನರೆಂದು ತೋರಿಸುವುದು ಹೇಗೆ? ಅಂಥವರು ಅದೇ ಪ್ರಕರಣದ ಬೇರೆ ವರ್ಗದಲ್ಲಿ ಬರುತ್ತಾರೆಯೇ ಎಂದು ನೋಡಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟಿದ್ದರೂ ಅರ್ಹರು. ಉಳಿದವರು ರಾಜ್ಯ ನಿಗದಿಪಡಿಸಿದ ಮಿತಿಯೊಳಗಿದ್ದರೆ ಸಾಕು. ಇದಕ್ಕೆ ಪ್ರಮಾಣಪತ್ರದ ರೂಪದ ಹೇಳಿಕೆಯನ್ನೇ ಒಪ್ಪಬಹುದೆಂದು 13ನೇ ಪ್ರಕರಣ ಹೇಳುತ್ತದೆ.

ನೆಲೋಗಿಯವರಿಗೆ ಸಮೀಪದ್ದು ಜೇವರ್ಗಿಯ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿ. ಅದರ ಮೇಲೆ ಕಲಬುರಗಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದ್ದು, ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರು. ಅರ್ಜಿಯನ್ನು ಸಾದಾ ಕಾಗದದಲ್ಲಿ ಕನ್ನಡದಲ್ಲಿಯೇ ಬರೆಯಬಹುದು; ಬರೆಯಲು ಬಾರದವರ ಮಾತನ್ನು ಅಲ್ಲಿನವರೇ ಬರೆದುಕೊಳ್ಳಬೇಕು. ಏಳು ದಿನಗಳೊಳಗೆ ತೀರ್ಮಾನವಾಗಬೇಕೆಂದು 2010ರ ವಿನಿಯಮಗಳು ಹೇಳುತ್ತವೆ. ಭೀಮಾ ನದಿ ದಾಟಿ ಜಿಲ್ಲಾ ಕೇಂದ್ರಕ್ಕೆ ಹೋಗಲಾಗದವರು 15100 ಸಂಖ್ಯೆಯ ಸಹಾಯವಾಣಿಗೆ ಕರೆಮಾಡಬಹುದು. ನೇಮಕವಾದ ವಕೀಲರಿಗೆ ಕಕ್ಷಿದಾರರು ಹಣ ಕೊಡಬೇಕಾಗಿಲ್ಲ. ಅವರ ಸಂಭಾವನೆಯನ್ನು ಪ್ರಾಧಿಕಾರವೇ ಭರಿಸುತ್ತದೆ. ಯಾರಾದರೂ ಕೇಳಿದರೆ ನೇಮಕ ಮಾಡಿದ ಸಮಿತಿಗೆ ದೂರು ಕೊಡಬಹುದು.

ಕಚೇರಿಯ ಆಚೆಗಿನ ದಾರಿಗಳು

2016ರ ಅಧಿನಿಯಮದ 80ನೇ ಪ್ರಕರಣದಂತೆ ರಾಜ್ಯ ಆಯುಕ್ತರು ಹಕ್ಕು ವಂಚನೆಯ ದೂರುಗಳನ್ನು ವಿಚಾರಿಸುತ್ತಾರೆ. ಅವರ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು, ಒಪ್ಪದಿದ್ದರೆ ಅದರ ಕಾರಣವನ್ನು, ಸಂಬಂಧಿಸಿದ ಪ್ರಾಧಿಕಾರವು ಮೂರು ತಿಂಗಳೊಳಗೆ ತಿಳಿಸಬೇಕು. ಇದು ಶಿಫಾರಸು ಮಾತ್ರ, ತೀರ್ಪಲ್ಲ.

ನೋಟಿಸು ನೀಡದೆ, ಅಹವಾಲು ಕೇಳದೆ ವೇತನ ರದ್ದುಪಡಿಸುವುದು ಸಹಜ ನ್ಯಾಯದ ತತ್ತ್ವಕ್ಕೆ ವಿರುದ್ಧ. ಬೇರೆ ದಾರಿ ಮುಚ್ಚಿದಾಗ ಸಂವಿಧಾನದ 226ನೇ ವಿಧಿಯಡಿ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಹಾಕಬಹುದು. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಕಲಬುರಗಿ ಪೀಠ ಇದ್ದುದರಿಂದ ಈ ಭಾಗದವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬೌದ್ಧಿಕ ವೈಕಲ್ಯ, ಸ್ವಲೀನತೆ, ಮೆದುಳಿನ ಪಾರ್ಶ್ವವಾಯು ಅಥವಾ ಬಹುವಿಧ ವೈಕಲ್ಯ ಇರುವ ವಯಸ್ಕರ ಪರವಾಗಿ ಪೋಷಕರ ನೇಮಕ ಅಗತ್ಯವಾದಲ್ಲಿ ರಾಷ್ಟ್ರೀಯ ನ್ಯಾಸ ಅಧಿನಿಯಮ, 1999ರಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು.