ವಾರ್ಡಿನ ಗೆರೆ, ಚುನಾವಣೆಯ ಗಡುವು

2015ರ ಆಗಸ್ಟ್ 22ರಂದು ಹದಿನೇಳು ವರ್ಷದವಳಾಗಿದ್ದ ಲಿಂಗರಾಜಪುರದ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅವತ್ತು ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆ ನಡೆಯಿತು. ವಯಸ್ಸಾಗಿಲ್ಲವೆಂದು ಅವಳು ಮನೆಯಲ್ಲೇ ಉಳಿದಳು. ಆಮೇಲೆ 2018 ಮತ್ತು 2023ರಲ್ಲಿ ವಿಧಾನಸಭೆಗೆ, 2019 ಮತ್ತು 2024ರಲ್ಲಿ ಲೋಕಸಭೆಗೆ ಓಟು ಹಾಕಿದಳು. ಮುಂದಿನ ಪಾಲಿಕೆ ಚುನಾವಣೆಗೆ ಕಾಯುತ್ತಲೇ ಅವಳಿಗೆ ಇಪ್ಪತ್ತೇಳು ತುಂಬಿತು. ದೇಶದ ಪ್ರಧಾನಿ ಯಾರಾಗಬೇಕೆಂದು ಎರಡು ಸಲ ಹೇಳಿದವಳಿಗೆ, ತನ್ನ ಅಡ್ಡರಸ್ತೆಯ ಮೋರಿಯನ್ನು ಯಾರು ನೋಡಿಕೊಳ್ಳಬೇಕೆಂದು ಹೇಳುವ ಅವಕಾಶ ಒಮ್ಮೆಯೂ ಸಿಗಲಿಲ್ಲ. ನನ್ನ ಓರಗೆಯ ಲಕ್ಷಾಂತರ ಬೆಂಗಳೂರಿಗರ ಸ್ಥಿತಿ ಇದೇ.

ಇದಕ್ಕೆ ಒಂದು ಪಕ್ಷವನ್ನೋ ಒಬ್ಬ ಮುಖ್ಯಮಂತ್ರಿಯನ್ನೋ ಹೊಣೆ ಮಾಡಿ ಸುಮ್ಮನಾಗುವುದು ಸುಲಭ. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಅಷ್ಟು ಸುಲಭವಾಗಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಅಧಿಕಾರದಲ್ಲಿ ಯಾರೇ ಇರಲಿ, ನಗರದ ಚುನಾವಣೆಯ ಗಡುವು ಹತ್ತಿರ ಬಂದಾಗಲೆಲ್ಲ ನಗರದ ನಕ್ಷೆಯೇ ಸರಿಯಿಲ್ಲವೆಂಬ ಅರಿವು ಸರ್ಕಾರಕ್ಕೆ ಮೂಡುತ್ತದೆ.

ಕೊಂಚ ಹಿಂದಿನಿಂದ ನೋಡೋಣ. ಬೆಂಗಳೂರಿಗೆ ಪುರಸಭೆ ಬಂದದ್ದು 1862ರಲ್ಲಿ, ಅದೂ ಒಂದಲ್ಲ ಎರಡು. 1850ರ ಕಾಯಿದೆಯಡಿ ಹಳೆಯ ಪೇಟೆಗೆ ಒಂಬತ್ತು ಮಂದಿ ಪ್ರಮುಖರ ಒಂದು ಮಂಡಳಿ. ಬ್ರಿಟಿಷ್ ಸೇನೆ 1809ರಿಂದ ಬೀಡುಬಿಟ್ಟಿದ್ದ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಇನ್ನೊಂದು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂತಿರುಗಿಸಿದ ಬ್ರಿಟಿಷರು ದಂಡನ್ನು ತಮ್ಮ ಬಳಿಯೇ ಉಳಿಸಿಕೊಂಡರು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನ ಆ ಭಾಗದಲ್ಲಿ ಕೊನೆಯ ಮಾತು ರೆಸಿಡೆಂಟರದ್ದು. ಪುರಸಭೆ ಇತ್ತು, ಸಭೆಗಳೂ ನಡೆಯುತ್ತಿದ್ದವು, ಆದರೆ ಬೇಕು ಬೇಡ ತೀರ್ಮಾನವಾಗುತ್ತಿದ್ದುದು ಮೇಲಿನಿಂದ. 1898ರ ಪ್ಲೇಗಿನ ನಂತರ ಕಿಕ್ಕಿರಿದ ಕೇರಿಗಳಿಂದ ಜನರನ್ನು ಹೊರತರಲು ಕಟ್ಟಿದ ಹೊಸ ಬಡಾವಣೆಗೆ ಫ್ರೇಜರ್ ಟೌನ್ ಎಂದು ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಅವರ ಹೆಸರೇ ಬಂತು. ಪೇಟೆಯ ಕಡೆಯ ಪುರಸಭೆಗೆ ಅಧ್ಯಕ್ಷರಾಗಿದ್ದ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರು ಪುರಭವನದ ಮೇಲೆ ಉಳಿದಿದೆ. ಒಂದು ನಗರಸಭೆಯ ಅಧ್ಯಕ್ಷನ ನೆನಪಿನಲ್ಲಿ ಅಂಥ ಕಟ್ಟಡ ಈ ಊರಿನಲ್ಲಿ ಮತ್ತೊಂದಿಲ್ಲ ಎಂದೇ ನನ್ನ ಅನಿಸಿಕೆ.

1947ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳಿತು. 1949ರ ಕಾಯಿದೆ ಎರಡೂ ಪುರಸಭೆಗಳನ್ನು ಸೇರಿಸಿ ಬೆಂಗಳೂರು ನಗರ ಕಾರ್ಪೊರೇಷನ್ ಮಾಡಿತು. ಆರ್. ಸುಬ್ಬಣ್ಣ ಮೊದಲ ಮೇಯರ್ ಆದರು. ರೆಸಿಡೆಂಟರು ಹೋದರು, ಆದರೆ ಅವರ ಕುರ್ಚಿಯ ಗುಣ ಎಲ್ಲಿಗೂ ಹೋಗಲಿಲ್ಲ. ಕಮಿಷನರ್ ಸರ್ಕಾರ ನೇಮಿಸಿದ ಅಧಿಕಾರಿಯಾದರು. ಮುಂದೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಕಾಯಿದೆಯಲ್ಲಿ ಕೌನ್ಸಿಲನ್ನು ವಿಸರ್ಜಿಸುವ ಅಧಿಕಾರ ಸರ್ಕಾರದ ಕೈಯಲ್ಲಿತ್ತು. ಮೇಯರ್‌ಗೆ ಒಂದು ವರ್ಷದ ಅವಧಿ. ಕೆಂಪು ನಿಲುವಂಗಿ ಹೊಲಿಸಿ ತೊಡುವಷ್ಟರಲ್ಲಿ ಅರ್ಧ ಮುಗಿಯುವ ಅವಧಿ ಅದು.

ಈ ಪರಿಸ್ಥಿತಿಯನ್ನು ಸರಿಪಡಿಸಲೆಂದೇ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂದದ್ದು. 1993ರ ಜೂನ್ 1ರಿಂದ ಜಾರಿಯಾದ ಆ ತಿದ್ದುಪಡಿಯ 243-ಯು ವಿಧಿ ಹೇಳುವುದು ಸರಳವಾಗಿದೆ: ನಗರಸಭೆಯ ಅವಧಿ ಐದು ವರ್ಷ, ಅದು ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು, ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು. 2006ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಮತ್ತೂ ಬಿಗಿ ಮಾಡಿತು. ವಾರ್ಡ್ ವಿಂಗಡಣೆ, ಮತದಾರರ ಪಟ್ಟಿಯ ಪರಿಷ್ಕರಣೆ ಇಂಥವನ್ನು ಮುಂದಿಟ್ಟು ಚುನಾವಣೆ ತಡಮಾಡುವಂತಿಲ್ಲ ಎಂದಿತು.

ಅದರ ಮರುತಿಂಗಳು, 2006ರ ನವೆಂಬರ್‌ನಲ್ಲಿ, ಬೆಂಗಳೂರಿನ ನೂರು ವಾರ್ಡುಗಳ ಕೌನ್ಸಿಲಿನ ಅವಧಿ ಮುಗಿಯಿತು. ಚುನಾವಣೆ ಆಗಲಿಲ್ಲ. ಆಗ ಇದ್ದದ್ದು ಜೆಡಿಎಸ್-ಬಿಜೆಪಿ ಸರ್ಕಾರ. 2007ರ ಜನವರಿಯಲ್ಲಿ ಕೆ.ಆರ್. ಪುರ, ಮಹದೇವಪುರ, ಯಲಹಂಕ ಸೇರಿ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಲಾಯಿತು. ಊರು ನಿಜಕ್ಕೂ ಬೆಳೆದಿತ್ತು, ಸೇರಿಸಿದ್ದಕ್ಕೆ ಕಾರಣವಿತ್ತು. ಆದರೆ 198 ವಾರ್ಡುಗಳಿಗೆ ಮತದಾನವಾದದ್ದು 2010ರ ಮಾರ್ಚ್ 28ರಂದು. ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳು ನಗರವನ್ನು ನಡೆಸಿದರು. ಲಿಂಗರಾಜಪುರ 49ನೇ ವಾರ್ಡ್ ಆಯಿತು.

2015ರಲ್ಲಿ ಕಾಂಗ್ರೆಸ್ಸಿನ ಸರದಿ. ಅವಧಿ ಮುಗಿಯಲು ದಿನಗಳಿರುವಾಗ ಅವ್ಯವಹಾರದ ಕಾರಣ ಕೊಟ್ಟು ಕೌನ್ಸಿಲನ್ನು ವಿಸರ್ಜಿಸಲಾಯಿತು. ಪಾಲಿಕೆ ತೀರ ದೊಡ್ಡದಾಗಿದೆ, ಒಡೆಯಬೇಕು ಎಂಬ ವಾದದೊಂದಿಗೆ ಮಸೂದೆಯೂ ಬಂತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಕೊನೆಗೆ ಆಗಸ್ಟ್‌ನಲ್ಲಿ ಮತದಾನ ನಡೆಯಿತು. ಫಲಿತಾಂಶ ಬಂದಾಗ 198ರಲ್ಲಿ 100 ಸ್ಥಾನ ಬಿಜೆಪಿಗೆ. ಆದರೆ ಮೇಯರ್ ಚುನಾವಣೆಯಲ್ಲಿ ಶಾಸಕರು, ವಿಧಾನ ಪರಿಷತ್ ಸದಸ್ಯರು, ಸಂಸದರಿಗೂ ಮತವಿತ್ತು. ಕಾಂಗ್ರೆಸ್, ಜೆಡಿಎಸ್, ಪಕ್ಷೇತರರು ಕೂಡಿ ಮೇಯರ್ ಸ್ಥಾನ ಪಡೆದರು. ಮುಂದೂಡಲು ಸಾಧ್ಯವಾಗದ ಚುನಾವಣೆಯನ್ನು ಪಳಗಿಸುವ ದಾರಿಯೂ ಕಾಯಿದೆಯಲ್ಲೇ ಇತ್ತು.

2020ರಲ್ಲಿ ಬಿಜೆಪಿಯ ಸರದಿ. ಸೆಪ್ಟೆಂಬರ್ 10ಕ್ಕೆ ಕೌನ್ಸಿಲಿನ ಅವಧಿ ಮುಗಿಯಿತು. ಡಿಸೆಂಬರ್‌ನಲ್ಲಿ ಹೈಕೋರ್ಟ್ 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದಿತು. ಸರ್ಕಾರ ದೆಹಲಿಗೆ ಹೋಗಿ ತಡೆಯಾಜ್ಞೆ ತಂದಿತು. ಹೊಸ ಬಿಬಿಎಂಪಿ ಕಾಯಿದೆ 2021ರ ಜನವರಿಯಲ್ಲಿ ಜಾರಿಗೆ ಬಂದು ಮೇಯರ್ ಅವಧಿಯನ್ನು ಮೂವತ್ತು ತಿಂಗಳಿಗೆ ಏರಿಸಿತು. ಒಳ್ಳೆಯ ತಿದ್ದುಪಡಿ, ಅನುಭವಿಸಲು ಮೇಯರ್ ಮಾತ್ರ ಇರಲಿಲ್ಲ. 2022ರಲ್ಲಿ 243 ವಾರ್ಡುಗಳ ನಕ್ಷೆ ಬಂತು. 2023ರಲ್ಲಿ ಕಾಂಗ್ರೆಸ್ ಬಂದು ಅದನ್ನು ಬದಿಗಿಟ್ಟು 225 ವಾರ್ಡುಗಳ ನಕ್ಷೆ ತಂದಿತು. ಎರಡೂ ನಕ್ಷೆಗಳಲ್ಲಿ ಒಂದು ಓಟೂ ಬೀಳಲಿಲ್ಲ. ಆಮೇಲೆ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆ. 2025ರ ಸೆಪ್ಟೆಂಬರ್ 2ರಂದು ಒಂದು ಪಾಲಿಕೆ ಐದಾಯಿತು. ಕೌನ್ಸಿಲಿನ ಒಂದು ಪೂರ್ತಿ ಅವಧಿ ಕೌನ್ಸಿಲಿಲ್ಲದೆ ಕಳೆಯಲು ಅವತ್ತಿಗೆ ಎಂಟೇ ದಿನ ಬಾಕಿಯಿತ್ತು. ಈಗ ಒಟ್ಟು ವಾರ್ಡುಗಳು 369.

ಹಾಗಾದರೆ ಕೌನ್ಸಿಲ್ ಇದ್ದಾಗ ಊರು ಸ್ವರ್ಗವಾಗಿತ್ತೇ ಎಂದು ಕೇಳುವವರಿದ್ದಾರೆ. ಖಂಡಿತ ಇರಲಿಲ್ಲ. ಕಾಮಗಾರಿ ಬಿಲ್ಲು, ಗುತ್ತಿಗೆದಾರರ ನಂಟು, ಕಸದ ಟೆಂಡರು ಇವೆಲ್ಲ ಕಾರ್ಪೊರೇಟರುಗಳ ಕಾಲದ ಮಾತುಗಳೇ. ಆದರೆ ಅಧಿಕಾರಿಗಳ ಕಾಲದಲ್ಲಿ ಅವು ನಿಂತವೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ವ್ಯತ್ಯಾಸವಿರುವುದು ಬೇರೆ ಕಡೆ. 2011ರ ಜನಗಣತಿಯ 84 ಲಕ್ಷವನ್ನು 198ರಿಂದ ಭಾಗಿಸಿದರೆ ವಾರ್ಡಿಗೆ ನಲವತ್ತೆರಡು ಸಾವಿರ ಜನ. ಅಷ್ಟು ಜನರ ನಡುವಿನ ಒಬ್ಬ ಪ್ರತಿನಿಧಿಯನ್ನು ಬೆಳಿಗ್ಗೆ ಟೀ ಅಂಗಡಿಯ ಮುಂದೆ ತಡೆದು ಬಯ್ಯಬಹುದು. ಶಾಸಕರನ್ನು ಹಾಗೆ ಹಿಡಿಯುವುದು ಕಷ್ಟ, ಮುಖ್ಯ ಆಯುಕ್ತರನ್ನು ಹಿಡಿಯುವುದು ಅಸಾಧ್ಯ. ಶಾಸಕರಿಗೂ ಇದು ಗೊತ್ತು. ವಾರ್ಡಿನ ಮಟ್ಟದಲ್ಲಿ ಹೆಸರು ಮಾಡಿದ ಕಾರ್ಪೊರೇಟರ್ ನಾಳೆ ವಿಧಾನಸಭೆಯ ಟಿಕೆಟ್ ಕೇಳುತ್ತಾನೆ. ಕೌನ್ಸಿಲ್ ಇಲ್ಲದಿದ್ದರೆ ಚರಂಡಿಯ ಅನುದಾನದಿಂದ ಹಿಡಿದು ಉದ್ಘಾಟನೆಯ ಫಲಕದವರೆಗೆ ಎಲ್ಲದರ ಮೇಲೂ ಒಂದೇ ಹೆಸರು ಸಾಕು. ಪಕ್ಷಗಳ ಜಗಳ ಈ ಒಂದು ವಿಷಯದಲ್ಲಿ ಏಕೆ ತಣ್ಣಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಿದ್ಧಾಂತ ಬೇಕೆಂದು ನನಗನ್ನಿಸುವುದಿಲ್ಲ.

2021ರಿಂದ 2025ರವರೆಗೆ ಐದು ಬಜೆಟ್‌ಗಳು ಚುನಾಯಿತ ಸದಸ್ಯರಿಲ್ಲದೆ ಅನುಮೋದನೆಗೊಂಡವು. ಕೊನೆಯದರ ಗಾತ್ರ ಸುಮಾರು 19,900 ಕೋಟಿ ರೂಪಾಯಿ. ನಮ್ಮ ವಾರ್ಡಿಗೆಷ್ಟು ಎಂದು ಎದ್ದುನಿಂತು ಕೇಳುವ ಒಂದು ದನಿಯೂ ಆ ಸಭೆಯಲ್ಲಿರಲಿಲ್ಲ. ಹೊಸ ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿ. ಐವರು ಮೇಯರುಗಳು ಆಯ್ಕೆಯಾದ ಮೇಲೂ ಅವರು ಅಲ್ಲಿ ಸದಸ್ಯರು ಮಾತ್ರ.

ಹೊಸ ಗೆರೆಗಳಲ್ಲಿ ಹಳೆಯ ದಂಡು ಹೇಗೆ ಹರಿದಿದೆ ಎಂಬುದನ್ನೂ ನೋಡಬೇಕು. 1949ರವರೆಗೆ ಒಂದೇ ಪುರಸಭೆಯಲ್ಲಿದ್ದ ಶಿವಾಜಿನಗರ, ಹಲಸೂರುಗಳು ಕೇಂದ್ರ ಪಾಲಿಕೆಗೆ ಹೋದವು. ಫ್ರೇಜರ್ ಟೌನ್, ಕಾಕ್ಸ್ ಟೌನ್‌ಗಳು ಉತ್ತರಕ್ಕೆ. ವಿಧಾನಸಭಾ ಕ್ಷೇತ್ರಗಳನ್ನು ಗುಂಪು ಮಾಡಿಕೊಂಡು ಹೋದಾಗ ಹೀಗಾಗುತ್ತದೆ, ಜನರ ಓಡಾಟ, ಮಾರುಕಟ್ಟೆ, ಮಳೆನೀರು ಹರಿಯುವ ದಿಕ್ಕು ಲೆಕ್ಕಕ್ಕೆ ಬರುವುದಿಲ್ಲ. ಕಾಕ್ಸ್ ಟೌನ್ ದಾಟಿ ಹೆಣ್ಣೂರು ರಸ್ತೆಗೆ ಹತ್ತಿಕೊಂಡಿರುವ ಲಿಂಗರಾಜಪುರ ಮೊನ್ನೆಮೊನ್ನೆಯವರೆಗೂ ಬಿಬಿಎಂಪಿಯ ಪೂರ್ವ ವಲಯದಲ್ಲಿತ್ತು, ಇಲ್ಲಿಯವರನ್ನು ಕೇಳಿದರೆ ಈಗಲೂ ಪೂರ್ವವೆಂದೇ ಹೇಳುತ್ತಾರೆ. ಸರ್ವಜ್ಞನಗರ ಕ್ಷೇತ್ರದ ಜೊತೆಗೆ ಅದೀಗ ಯಲಹಂಕ, ಬ್ಯಾಟರಾಯನಪುರಗಳ ಸಂಗಡ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದೆ. ಮುಂದಿನ ಗಡುವಿನ ಹೊತ್ತಿಗೆ ಯಾವ ದಿಕ್ಕಿಗೆ ಹೋಗುತ್ತದೋ, ಆಗ ಅಧಿಕಾರದಲ್ಲಿರುವವರನ್ನು ಕೇಳಬೇಕು.