ಸೋತ ಮುಷ್ಕರ, ಸಿಕ್ಕ ಬೋನಸ್

ದಸರಾ ಹತ್ತಿರ ಬಂತೆಂದರೆ ಒಂದು ಸುದ್ದಿ ತಪ್ಪದೆ ಬರುತ್ತದೆ: ರೈಲ್ವೆ ನೌಕರರಿಗೆ 78 ದಿನಗಳ ಬೋನಸ್. 'ಸರ್ಕಾರದಿಂದ ಹಬ್ಬದ ಉಡುಗೊರೆ' ಎಂದು ನಾವು ಪತ್ರಕರ್ತರೇ ಶೀರ್ಷಿಕೆ ಕೊಡುತ್ತೇವೆ. ಇದೇ ಬೋನಸ್ ಕೇಳಿದ್ದಕ್ಕೆ 1974ರಲ್ಲಿ ಸಾವಿರಾರು ನೌಕರರು ಜೈಲು ಸೇರಿದ್ದರು.

ಬೋನಸ್ ಕಾಯ್ದೆ 1965ರಲ್ಲೇ ಬಂದಿತ್ತು. ಕಾರ್ಖಾನೆ ಕಾರ್ಮಿಕರಿಗೆ ಸಿಕ್ಕಿದ್ದು ರೈಲ್ವೆಯವರಿಗೆ ಸಿಗಲಿಲ್ಲ. ರೈಲ್ವೆ ಸರ್ಕಾರದ ಇಲಾಖೆ, ಲಾಭದ ಉದ್ಯಮವಲ್ಲ ಎಂಬುದು ವಾದ. ಅತ್ತ ಎಂಜಿನ್ ಓಡಿಸುವವರ ಕೆಲಸಕ್ಕೆ ಗಂಟೆಯ ಲೆಕ್ಕವೇ ಇರಲಿಲ್ಲ. ಅವರು 1973ರಲ್ಲಿ ಮುಷ್ಕರ ಹೂಡಿ 10 ಗಂಟೆ ಕೆಲಸದ ಭರವಸೆ ಪಡೆದರು. ಆದರೆ ಅದು ಸರಿಯಾಗಿ ಜಾರಿಗೆ ಬರಲಿಲ್ಲ. ಬೆಲೆಗಳೋ ದಿನೇ ದಿನೇ ಏರುತ್ತಿದ್ದವು.

ಅದೇ ವರ್ಷ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾದರು. ಬಿಡಿಬಿಡಿಯಾಗಿದ್ದ ಹತ್ತಾರು ಸಂಘಗಳು ಒಂದೇ ಸಮನ್ವಯ ಸಮಿತಿಯಡಿ ಬಂದವು. ಎಡಪಂಥೀಯರೂ ಭಾರತೀಯ ಮಜ್ದೂರ್ ಸಂಘದವರೂ ಒಟ್ಟಿಗೆ ಕೂತರು. ಕಾಂಗ್ರೆಸ್ ಪರ ಒಕ್ಕೂಟ ಮಾತ್ರ ಹೊರಗುಳಿಯಿತು.

ಮಾತುಕತೆ ನಡೆಯುತ್ತಿರುವಾಗಲೇ, ಮೇ 2ರಂದು, ಫರ್ನಾಂಡಿಸ್ ಅವರನ್ನು ಲಖನೌದಲ್ಲಿ ಬಂಧಿಸಲಾಯಿತು. ಆದರೂ ಮೇ 8ರಂದು ಮುಷ್ಕರ ಶುರುವಾಯಿತು. ಇಂದಿರಾ ಗಾಂಧಿ ಸರ್ಕಾರ ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳನ್ನು ಬಳಸಿತು. ರೈಲು ಓಡಿಸಲು ಟೆರಿಟೋರಿಯಲ್ ಆರ್ಮಿಯನ್ನು ಕರೆಸಿತು. ಕ್ವಾರ್ಟರ್ಸ್‌ಗಳಿಂದ ಹೆಂಗಸರು ಮಕ್ಕಳನ್ನು ಹೊರಹಾಕಿದ ಉದಾಹರಣೆಗಳೂ ಇವೆ. ಇಪ್ಪತ್ತು ದಿನ ತುಂಬುವ ಹೊತ್ತಿಗೆ ಮುಷ್ಕರ ಬೇಷರತ್ತಾಗಿ ಮುಗಿಯಿತು. ಸಾವಿರಾರು ಜನರ ಕೆಲಸ ಹೋಗಿತ್ತು. ಮರುವರ್ಷ ತುರ್ತು ಪರಿಸ್ಥಿತಿ ಬಂದಾಗ ಮುಷ್ಕರ ಹತ್ತಿಕ್ಕುವುದು ಹೇಗೆಂಬ ಪಾಠ ಸರ್ಕಾರಕ್ಕೆ ಆಗಲೇ ಗೊತ್ತಿತ್ತು.

1977ರಲ್ಲಿ ಜನತಾ ಸರ್ಕಾರ ಬಂದ ಮೇಲೆ ವಜಾ ಆದವರನ್ನು ವಾಪಸ್ ತೆಗೆದುಕೊಳ್ಳಲಾಯಿತು. 1979-80ರಿಂದ ಉತ್ಪಾದಕತೆ ಆಧಾರಿತ ಬೋನಸ್ ಕೂಡ ಆರಂಭವಾಯಿತು. ಬೇಡಿಕೆ ಗೆದ್ದಿತು. ಆದರೆ ಸಂಘಗಳು ಬೇರೊಂದನ್ನು ಕಳೆದುಕೊಂಡವು. ಆ ಒಗ್ಗಟ್ಟು ಮತ್ತೆ ಕೂಡಲಿಲ್ಲ. ಅಂಥ ದೇಶವ್ಯಾಪಿ ರೈಲ್ವೆ ಮುಷ್ಕರ ಅಲ್ಲಿಂದೀಚೆಗೆ ನಡೆದೇ ಇಲ್ಲ. 2023ರ ನವೆಂಬರ್‌ನಲ್ಲಿ ಹಳೆ ಪಿಂಚಣಿಗಾಗಿ ನಡೆಸಿದ ಮತದಾನದಲ್ಲಿ ನೌಕರರು ಮುಷ್ಕರದ ಪರ ಭಾರಿ ಬೆಂಬಲ ಕೊಟ್ಟರು. ಆದರೆ ರೈಲು ನಿಲ್ಲಲಿಲ್ಲ.

ಇಂದು ಎಷ್ಟೋ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ಗುಡಿಸುವವರು ಗುತ್ತಿಗೆದಾರನ ಕೈಕೆಳಗಿನವರು. 78 ದಿನಗಳ ಆ ಲೆಕ್ಕದಲ್ಲಿ ಅವರಿಲ್ಲ. 1974ರ ಸಮಿತಿಯ ಬಲವಿದ್ದದ್ದು ಎಂಜಿನ್ ಚಾಲಕನನ್ನೂ ಹಳಿ ಕಾಯುವ ಗ್ಯಾಂಗ್‌ಮನ್‌ನನ್ನೂ ಒಂದೇ ಪಟ್ಟಿಗೆ ಸೇರಿಸಿದ್ದರಲ್ಲಿ. ಮುಂದಿನ ದಸರಾಕ್ಕೆ ಬೋನಸ್ ಸುದ್ದಿ ಬರೆಯುವಾಗ, ಅದು ಯಾರಿಗೆ ಸಿಗುವುದಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸೋಣ.