ಘಟಪ್ರಭೆಯ ಒಡೆತನ: ರಾಜ್ಯತತ್ತ್ವದ ಒಂದು ಸ್ಥಳೀಯ ಚರಿತ್ರೆ

ಅಧಿಕಾರ ಯಾರಿಗೆ, ಯಾವ ಆಧಾರದ ಮೇಲೆ ಸಲ್ಲಬೇಕೆಂದು ವಿಚಾರಿಸುವ ರಾಜ್ಯತತ್ತ್ವಶಾಸ್ತ್ರವನ್ನು ಅದರ ಆರಂಭದಿಂದಲೂ ಕಾಡುತ್ತ ಬಂದಿರುವ ಪ್ರಶ್ನೆಗಳಲ್ಲಿ, ಎಲ್ಲರಿಗೂ ಬೇಕಾದ ವಸ್ತುವಿಗೆ ಒಡೆಯ ಯಾರು ಎಂಬುದು ಒಂದು. ಕೌಟಿಲ್ಯನ ಅರ್ಥಶಾಸ್ತ್ರ ಇದನ್ನು ನೀರಿನ ಸಂದರ್ಭದಲ್ಲಿ ನೇರವಾಗಿಯೇ ಎತ್ತಿಕೊಳ್ಳುತ್ತದೆ: ಕೈಯಿಂದ ನೀರೆತ್ತಿ ಬೆಳೆದವನು ಬೆಳೆಯ ಐದನೆಯ ಒಂದು ಪಾಲನ್ನು ಉದಕಭಾಗವಾಗಿ, ಎಂದರೆ ನೀರಿನ ಕರವಾಗಿ, ರಾಜನಿಗೆ ಒಪ್ಪಿಸಬೇಕು, ಹಲವರು ಕೂಡಿ ಕಟ್ಟುವ ಕಟ್ಟೆಯ ಕೆಲಸದಿಂದ ಹಿಂದೆ ಸರಿದವನು ತನ್ನ ಆಳುಗಳನ್ನೂ ಎತ್ತುಗಳನ್ನೂ ಕಳುಹಿಸಬೇಕು, ವೆಚ್ಚದ ಪಾಲನ್ನೂ ಹೊರಬೇಕು, ಆದರೆ ಲಾಭದಲ್ಲಿ ಅವನಿಗೆ ಹಕ್ಕಿಲ್ಲ. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಯುರೋಪಿನಲ್ಲಿ ಜಾನ್ ಲಾಕ್ ಬೇರೆಯದೇ ದಾರಿ ಹಿಡಿದ. ಬುಗ್ಗೆಯ ನೀರು ಎಲ್ಲರದಾದರೂ ಹೂಜಿಗೆ ತುಂಬಿಕೊಂಡದ್ದು ತುಂಬಿಕೊಂಡವನದೇ, ಏಕೆಂದರೆ ಅದರಲ್ಲಿ ಅವನ ಶ್ರಮ ಬೆರೆತಿದೆ ಎಂಬುದು ಅವನ ವಾದ. ಆದರೆ ತನ್ನ ಸೇವಕನ ಶ್ರಮವನ್ನೂ ಲಾಕ್ ಯಜಮಾನನ ಲೆಕ್ಕಕ್ಕೇ ಬರೆದುಕೊಳ್ಳುತ್ತಾನೆ, ಇದನ್ನು ಅವನ ಓದುಗರು ಸುಲಭವಾಗಿ ಮರೆಯುತ್ತಾರೆ.

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ತಾಲ್ಲೂಕುಗಳನ್ನೂ, ಇತ್ತೀಚೆಗೆ ಗೋಕಾಕದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಮೂಡಲಗಿಯನ್ನೂ ಪೋಷಿಸುವ ಘಟಪ್ರಭೆಯ ದಡದಲ್ಲಿ ಈ ವಾದಗಳೆಲ್ಲ ಕಲ್ಲುಗಾರೆಯ ರೂಪ ತಾಳಿವೆ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಜಲಪಾತದ ಬಲವನ್ನು ನಂಬಿ 1885ರಲ್ಲಿ ಸ್ಥಾಪನೆಯಾದ ಕಂಪನಿ, 1887ರ ಹೊತ್ತಿಗೆ ಅಲ್ಲಿ ನೂಲಿನ ಗಿರಣಿಯನ್ನು ನಡೆಸತೊಡಗಿತು. ಇದು ಲಾಕ್‌ನ ಹೂಜಿಯೇ. ಆದರೆ ತುಂಬಿದವರು ಗಿರಣಿಯ ಕಾರ್ಮಿಕರು, ಒಡೆತನ ಷೇರುದಾರರದು. ಸರಕಾರದ ನಿಲುವು ಕೌಟಿಲ್ಯನ ರಾಜನ ನಿಲುವಿಗೆ ಹತ್ತಿರವಾಗಿತ್ತು. 1879ರ ಮುಂಬಯಿ ನೀರಾವರಿ ಕಾಯ್ದೆ ಸಾರ್ವಜನಿಕ ಉದ್ದೇಶಕ್ಕಾಗಿ ನದಿಯ ನೀರನ್ನು ಬಳಸಿಕೊಳ್ಳುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. 1897ರಲ್ಲಿ ಜಲಪಾತದ ಮೇಲ್ಭಾಗದ ಧೂಪದಾಳದಲ್ಲಿ ಒಡ್ಡು ಸಿದ್ಧವಾಯಿತು. ಅಲ್ಲಿಂದ ಹೊರಟ ಕಾಲುವೆ ಮುಂದೆ ವಿಸ್ತಾರಗೊಂಡು ಮೂಡಲಗಿ ಭಾಗದ ಹೊಲಗಳನ್ನೂ ಮುಟ್ಟಿತು. ಸ್ವಾತಂತ್ರ್ಯಾನಂತರ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಪ್ರಜಾಪ್ರಭುತ್ವದ ಸರಕಾರ ಕಟ್ಟಿದ ಜಲಾಶಯಕ್ಕೆ ಸಂದದ್ದು ವಂಟಮುರಿಯ ದೇಸಾಯಿ ರಾಜಾ ಲಖಮಗೌಡರ ಹೆಸರು. ವತನದಾರಿ, ಎಂದರೆ ವಂಶಪಾರಂಪರ್ಯವಾಗಿ ಬಂದ ಅಧಿಕಾರ, ಕಾಯ್ದೆಯ ಪುಟದಿಂದ ಅಳಿದರೂ ಊರಿನ ಗೌರವದಿಂದ ಅಳಿದಿರಲಿಲ್ಲ.

ಕಂಪನಿಯ ಗಿರಣಿ, ಸರಕಾರದ ಕಾಲುವೆ ಇವೆರಡಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಹುಕ್ಕೇರಿಯಲ್ಲಿ ನಡೆದ ಪ್ರಯೋಗ. ಬಳಸುವವರೇ ಒಡೆಯರಾಗಿರಬೇಕೆಂಬ ಸಹಕಾರ ತತ್ತ್ವಕ್ಕೆ 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಪಟ್ಟಣದ ನೇಕಾರರು ಮತ್ತು ಇತರ ಕುಶಲಕರ್ಮಿಗಳು ಒಂದು ಅಂಗಡಿಯ ಮೂಲಕ ರೂಪ ಕೊಟ್ಟಿದ್ದರು. ಭಾರತದಲ್ಲಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಬೆನ್ನಿಗೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಸಾಲ ಕೊಡುವುದಕ್ಕೆ ಒಗ್ಗಿದ ಆ ತತ್ತ್ವವನ್ನು ವಿದ್ಯುತ್ತಿಗೆ ಅನ್ವಯಿಸಿದ್ದು 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ದೇಶದಲ್ಲಿ ಆಗ ಪ್ರಯೋಗಾರ್ಥವಾಗಿ ಆರಂಭವಾದ ಐದು ಸಂಘಗಳಲ್ಲಿ ಇದೂ ಒಂದಾಗಿದ್ದು, ಇದನ್ನು ಕಟ್ಟಿದವರಲ್ಲಿ ಅಪ್ಪಣಗೌಡ ಪಾಟೀಲರ ಹೆಸರು ಮೊದಲು ಬರುತ್ತದೆ. ಸಂಘ ವಿದ್ಯುತ್ತನ್ನು ತಾನು ಉತ್ಪಾದಿಸುವುದಿಲ್ಲ. ಸಗಟಾಗಿ ಕೊಂಡು, ತನ್ನದೇ ತಂತಿಗಳ ಮೂಲಕ ತಾಲ್ಲೂಕಿನ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಹಂಚುತ್ತದೆ. ಕಂಪನಿಯಲ್ಲಿ ಮತದ ತೂಕ ಷೇರಿನ ಸಂಖ್ಯೆಯಂತೆ. ಸಹಕಾರದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತವಾದ್ದರಿಂದ, ಹಿಟ್ಟಿನ ಗಿರಣಿಯ ಮಾಲೀಕನೂ ಒಂದು ಬಲ್ಬಿನ ಮನೆಯವನೂ ಸದಸ್ಯರಾಗಿದ್ದರೆ ಸಮಾನರು.

ಕಾಗದದ ಮೇಲಿನ ಈ ಸಮಾನತೆ ಆಡಳಿತ ಮಂಡಳಿಯವರೆಗೆ ತಲುಪುತ್ತದೆಂದು ಹೇಳುವುದು ಕಷ್ಟ. 2025ರ ಸೆಪ್ಟೆಂಬರಿನಲ್ಲಿ ನಡೆದ ಸಂಘದ ಚುನಾವಣೆ ಜಿಲ್ಲೆಯ ಪ್ರಬಲ ರಾಜಕೀಯ ಮನೆತನಗಳ ಬಲಪರೀಕ್ಷೆಯಾಗಿಯೇ ನಡೆಯಿತು. ಆದರೂ ಗಿರಣಿಯ ಮಾಲೀಕತ್ವವನ್ನಾಗಲಿ ಕಾಲುವೆಯ ಅಧಿಕಾರವನ್ನಾಗಲಿ ಹೀಗೆ ಮತಪೆಟ್ಟಿಗೆಯ ಮುಂದೆ ನೇರವಾಗಿ ನಿಲ್ಲಿಸುವ ಅವಕಾಶ ಈ ಮೂರು ತಾಲ್ಲೂಕುಗಳ ಜನರಿಗೆ ಎಂದೂ ಇರಲಿಲ್ಲ. ಒಡನೆ ಹುಟ್ಟಿದ ಸಂಘಗಳಲ್ಲಿ ಮಹಾರಾಷ್ಟ್ರದ ಮುಳಾ-ಪ್ರವರಾ 2011ರಲ್ಲಿ ವಿತರಣೆಯ ಹಕ್ಕನ್ನು ಸರಕಾರಿ ಕಂಪನಿಗೆ ಬಿಟ್ಟುಕೊಡಬೇಕಾಯಿತು. ಕರ್ನಾಟಕದಲ್ಲಿ ಇಂಥ ಸಂಘ ಹುಕ್ಕೇರಿಯದೊಂದೇ.